ಗೋಗಿಯ ಬೋರು, ನಮ್ಮ ಮನೆಯ ಪಾಯ

ಅಮೆರಿಕದ ಕೊಲೊರಾಡೋ ರಾಜ್ಯದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ ನಾವು ಮನೆ ನೋಡಲು ಹೋದಾಗ ಏಜೆಂಟ್ ಹೆಂಗಸು ಅಡುಗೆ ಮನೆ, ಹಿತ್ತಲು, ಗ್ಯಾರೇಜು ಎಲ್ಲ ತೋರಿಸಿದರು. ಹೊರಡುವ ಹೊತ್ತಿಗೆ, "ಪಾಯದ ಕೆಳಗೆ ಮಿಲ್ಲಿನ ಮರಳು ಇತ್ತಾ ಅಂತ ರಾಜ್ಯದ ಆರೋಗ್ಯ ಇಲಾಖೆಗೆ ಬರೆದು ಕೇಳಿಬಿಡಿ" ಅಂದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ನಮ್ಮ ಶಹಾಪುರದ ಕಡೆ ಮಿಲ್ಲು ಅಂದರೆ ಹತ್ತಿ ಜಿನ್ನಿಂಗ್ ಮಿಲ್ಲು, ಇಲ್ಲವೇ ಅಕ್ಕಿ ಮಿಲ್ಲು.

ಈ ಊರಿನ ಮಿಲ್ಲು ಯುರೇನಿಯಂದು. 1951ರಿಂದ 1970ರವರೆಗೆ ನದಿ ದಂಡೆಯಲ್ಲೇ ನಡೆದಿತ್ತು. ಅದಿರನ್ನು ಹಿಟ್ಟಿನ ಹಾಗೆ ಅರೆದು, ಯುರೇನಿಯಂ ತೆಗೆದುಕೊಂಡು, ಉಳಿದ ಮರಳನ್ನು ಹೊರಗೆ ರಾಶಿ ಹಾಕುತ್ತಿದ್ದರು. ಸಣ್ಣ ಮರಳು, ನೋಡಲು ಚೆಂದ, ಅದೂ ಪುಕ್ಕಟೆ. ಮೇಸ್ತ್ರಿಗಳು ಬಿಡುತ್ತಾರಾ? ಮನೆಯ ಪಾಯಕ್ಕೆ, ಪೈಪಿನ ಸುತ್ತ, ಕಾಲುದಾರಿಗೆ, ಹೂದೋಟಕ್ಕೆ ಅಂತ ಟ್ರಕ್ಕುಗಟ್ಟಲೆ ಒಯ್ದರು. ಆಮೇಲೆ ತಿಳಿಯಿತು, ಆ ಮರಳಿನಲ್ಲಿ ವಿಕಿರಣ ಸೂಸುವ ರೇಡಿಯಂ ಹಾಗೇ ಉಳಿದಿದೆ, ಅದರಿಂದ ರೇಡಾನ್ ಅನಿಲ ಮನೆಯೊಳಗೆ ಏಳುತ್ತದೆ ಅಂತ. 1972ರಲ್ಲಿ ಅಮೆರಿಕದ ಸಂಸತ್ತು ಶುಚಿ ಮಾಡಲು ದುಡ್ಡು ಕೊಟ್ಟಿತು. ಮುಂದೆ ಸಾವಿರಾರು ಮನೆಗಳ ಬುಡ ಅಗೆದು, ಮರಳು ತೆಗೆದು, ಊರಾಚೆ ಒಯ್ದು ಹೂತರು.

ನಾನೂ ಬರೆದು ಕೇಳಿದೆ. ಒಂದು ಹಾಳೆಯ ಉತ್ತರ ಬಂತು. ಈ ವಿಳಾಸ, ಈ ದಿನ ವಿಕಿರಣದ ಅಳತೆ ಮಾಡಿದ್ದು, ಹಿತ್ತಲಿನ ಈಶಾನ್ಯ ಮೂಲೆಯಿಂದ ಇಷ್ಟು ಮಣ್ಣು ತೆಗೆದದ್ದು, ಆಮೇಲೆ ಮತ್ತೆ ಅಳೆದಾಗ ಇಷ್ಟು ಬಂದದ್ದು. ಸಾಲ ಕೊಡುವವರು ಕೇಳಿದರೆ ಇರಲಿ ಅಂತ ಫೈಲಿಗೆ ಹಾಕಿಟ್ಟೆ. ಅದು ನನ್ನ ತಲೆಯಲ್ಲಿ ಕೊರೆಯತೊಡಗಿದ್ದು ಕಾಕಾನ ಫೋನ್ ಬಂದ ಮೇಲೆ.

ನಮ್ಮ ಕಾಕಾ ಇರುವುದು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನಲ್ಲಿ, ಗೋಗಿಯಿಂದ ಸೈಕಲ್ ತುಳಿಯುವಷ್ಟು ದೂರ. ಗೋಗಿ ಅಂದರೆ ಬಿಜಾಪುರದ ಮೊದಲ ಆದಿಲ್ ಶಾಹಿ ಸುಲ್ತಾನ ಯೂಸುಫ್‌ನನ್ನು ಮಣ್ಣು ಮಾಡಿದ ಊರು. ಚಂದಾ ಹುಸೇನಿ ದರ್ಗಾದ ಪಕ್ಕ ಆತನ ಗೋರಿ ಇದೆ. ಚಿಕ್ಕಂದಿನಲ್ಲಿ ಉರುಸಿಗೆ ಹೋಗಿ ಬತ್ತಾಸು ತಿಂದು ಬರುತ್ತಿದ್ದೆವು. ಆ ಊರಿನ ಹೆಸರಿಗೆ ಯುರೇನಿಯಂ ಅಂಟಿಕೊಂಡದ್ದು ಆಮೇಲೆ. ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಇದೆಯಲ್ಲ, ಅದೇ ಜಾತಿಯ ಸುಣ್ಣಕಲ್ಲಿನ ಪದರದಲ್ಲಿ, ಅದರಡಿಯ ಗ್ರಾನೈಟ್‌ನಲ್ಲಿ ಯುರೇನಿಯಂ ಸಿಕ್ಕಿತು. ದೇಶದ ಬೇರೆ ಗಣಿಗಳ ಅದಿರಿಗಿಂತ ಇದರಲ್ಲಿ ಯುರೇನಿಯಂ ಅಂಶ ಜಾಸ್ತಿ. ನೆಲದೊಳಗೆ ಇಳಿದು ಪರೀಕ್ಷಾ ಗಣಿಗಾರಿಕೆಯೂ ಆಯಿತು. ಗಣಿ, ಜೊತೆಗೆ ಅದಿರು ಅರೆಯುವ ಮಿಲ್ಲು ಅಂತ ಯೋಜನೆ ಬಂತು. ಜನ ಬೇಡ ಅಂದರು. ಧರಣಿ ಕೂತರು, ಮನವಿ ಕೊಟ್ಟರು. ಮಿಲ್ಲು ಇನ್ನೂ ಎದ್ದಿಲ್ಲ. ಹಾಗಂತ ಯೋಜನೆ ಸತ್ತಿದೆ ಅಂತಲೂ ಯಾರೂ ಹೇಳುತ್ತಿಲ್ಲ.

ಕಾಕಾ ಕೇಳಿದ್ದು ಇಷ್ಟು. "ತಮ್ಮಾ, ನಿಮ್ಮ ಕಡೀ ಮಂದಿ ಒಂದು ಮಿಲ್ ನಿಲ್ಲಿಸ್ಯಾರಂತಲ್ಲ, ಹ್ಯಾಂಗ ನಿಲ್ಲಿಸಿದ್ರು?"

ನಿಲ್ಲಿಸಿದ್ದು ನಿಜ. ನಮ್ಮೂರಿಂದ ಎರಡು ತಾಸಿನ ದಾರಿಯಲ್ಲಿ ಪ್ಯಾರಡಾಕ್ಸ್ ಕಣಿವೆ ಇದೆ. ನದಿ ಕಣಿವೆಯ ಉದ್ದಕ್ಕೆ ಹರಿಯುವ ಬದಲು ಅಡ್ಡ ಸೀಳಿಕೊಂಡು ಹೋಗುತ್ತದೆ, ಅದಕ್ಕೇ ಆ ಹೆಸರು. ಅಲ್ಲಿ ದಿನಕ್ಕೆ 500 ಟನ್ ಅದಿರು ಅರೆಯುವ ಪಿನ್ಯಾನ್ ರಿಡ್ಜ್ ಮಿಲ್ಲಿಗೆ 2011ರ ಜನವರಿಯಲ್ಲಿ ಲೈಸೆನ್ಸ್ ಸಿಕ್ಕಿತು. ವಿರೋಧಿಗಳು ಕೋರ್ಟಿಗೆ ಹೋದರು. 2012ರಲ್ಲಿ ಡೆನ್ವರ್‌ನ ನ್ಯಾಯಾಧೀಶರು ಆ ಲೈಸೆನ್ಸನ್ನೇ ತಳ್ಳಿಹಾಕಿದರು. ಅವರು ಮಿಲ್ಲು ಕೆಟ್ಟದ್ದು ಅಂತ ಹೇಳಲಿಲ್ಲ. ಕಾನೂನಿನ ಪ್ರಕಾರ ಜನರ ಮುಂದೆ ಸರಿಯಾದ ಆಲಿಕೆ, ಅಂದರೆ ಅಹವಾಲು ಕೇಳುವ ಸಭೆ ನಡೆಸಿಲ್ಲ, ಹೋಗಿ ನಡೆಸಿ ಬನ್ನಿ ಅಂದರು.

ಆಗ ನ್ಯೂಕ್ಲಾ ಅನ್ನುವ ಪುಟ್ಟ ಊರಿನಲ್ಲಿ 6 ದಿನ ಆಲಿಕೆ ನಡೆಯಿತು. ಕಂಪನಿಯ ತಜ್ಞರು ಪ್ರಮಾಣ ಮಾಡಿ ಮಾತಾಡಬೇಕು. ಎದುರು ಪಕ್ಷದವರು ಅವರಿಗೆ ಪಾಟಿ ಸವಾಲು ಹಾಕಬಹುದು. ಇಷ್ಟಾದ ಮೇಲೂ 2013ರಲ್ಲಿ ಲೈಸೆನ್ಸ್ ಮತ್ತೆ ಸಿಕ್ಕಿತು, ಅದನ್ನೂ ಹೇಳಬೇಕು. ಮತ್ತೆ ಕೋರ್ಟು. ಕೊನೆಗೆ 2018ರಲ್ಲಿ ಅದು ರದ್ದಾಯಿತು. ಈ ನಡುವೆ ಜಪಾನಿನ ಫುಕುಷಿಮಾ ಅಣು ಸ್ಥಾವರದ ದುರಂತ ಆಗಿ ಯುರೇನಿಯಂ ದರ ಬಿದ್ದುಹೋಗಿತ್ತು. ಬರೀ ಜನರ ಹೋರಾಟದಿಂದಲೇ ನಿಂತಿತು ಅಂದರೆ ಅರ್ಧ ಸುಳ್ಳಾಗುತ್ತದೆ.

ಇದನ್ನೆಲ್ಲ ಕೇಳಿ "ಅಮೆರಿಕದ ಜನ ಎಷ್ಟು ಎಚ್ಚರ, ನಮ್ಮವರಿಗೆ ಬುದ್ಧಿ ಇಲ್ಲ" ಅನ್ನುವವರು ಇಲ್ಲಿನ ನಮ್ಮ ಕನ್ನಡ ಗುಂಪಿನಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಒಮ್ಮೆ ಆ ಕಡೆ ಹೋದಾಗ ನ್ಯಾಟುರಿಟಾದಲ್ಲಿ ಪೆಟ್ರೋಲ್ ಹಾಕಿಸಿಕೊಂಡೆ. ಗಲ್ಲೆಯಲ್ಲಿ ಕೂತಿದ್ದ ಅಜ್ಜಿ ಮಿಲ್ಲಿನ ಮಾತು ಎತ್ತಿದ ಕೂಡಲೇ ಸಿಡಿದರು. "ಮಿಲ್ಲು ಬಂದಿದ್ದರೆ ನನ್ನ ಮೊಮ್ಮಗ ಊರು ಬಿಡುತ್ತಿರಲಿಲ್ಲ. ಬೇಡ ಅಂದವರು ಅಲ್ಲಿ ಮೇಲೆ ಹಿಮದಲ್ಲಿ ಜಾರಲು ಬರುವ ದುಡ್ಡಿನವರು." ಅಜ್ಜಿಯ ಸಿಟ್ಟಿನಲ್ಲಿ ಸತ್ಯ ಇದೆ. ಕೇಸು ಹಾಕಿದ್ದರಲ್ಲಿ ಮುಂದಿದ್ದದ್ದು ಟೆಲ್ಯುರೈಡ್‌ನ ಪರಿಸರ ಸಂಘಟನೆ. ಅದು ದೂರದ, ಶ್ರೀಮಂತರ ಊರು. ಅಜ್ಜಿಯ ತಂದೆ ದುಡಿದದ್ದು ಯುರಾವನ್ ಎಂಬ ಮಿಲ್ಲಿನ ಊರಿನಲ್ಲಿ. ಈಗ ಯುರಾವನ್ ಇಲ್ಲ. ವಿಕಿರಣ ಅಂತ ಮನೆ, ಅಂಗಡಿ, ಶಾಲೆ ಎಲ್ಲ ಕೆಡವಿ ಹೂತುಬಿಟ್ಟರು. ಆದರೂ ಅಜ್ಜಿಗೆ ಮಿಲ್ಲು ಬೇಕಿತ್ತು! ಇನ್ನು ಪಕ್ಕದ ಯೂಟಾ ರಾಜ್ಯದಲ್ಲಿ ವೈಟ್ ಮೆಸಾ ಮಿಲ್ಲು ಇವತ್ತಿಗೂ ಇದೆ. ಅದರ ಹತ್ತಿರ ಇರುವ ಯೂಟ್ ಬುಡಕಟ್ಟಿನವರು ಅದು ಬೇಡ ಅಂತ ವರ್ಷ ವರ್ಷ ಪಾದಯಾತ್ರೆ ಮಾಡುತ್ತಾರೆ. ಅವರ ಹತ್ತಿರ ಟೆಲ್ಯುರೈಡ್‌ನಷ್ಟು ದುಡ್ಡಿಲ್ಲ.

ಗೋಗಿಯಲ್ಲಿ ಹಾಗಲ್ಲ. ಬೇಡ ಅಂದವರು ಅಲ್ಲಿಯ ಬೋರಿನ ನೀರು ಕುಡಿಯುವವರೇ. ಆ ಮಟ್ಟಿಗೆ ನಮ್ಮವರ ಮಾತಿಗೆ ತೂಕ ಜಾಸ್ತಿ.

ಹಾಗಾದರೆ ಕೊರತೆ ಎಲ್ಲಿದೆ? ಕೆಲವು ವರ್ಷದ ಹಿಂದೆ ಊರಿಗೆ ಹೋದಾಗ ಒಂದು ಪರಿಸರ ಆಲಿಕೆ ಸಭೆಗೆ ಕಾಕಾನ ಜೊತೆ ಹೋಗಿದ್ದೆ. ಯುರೇನಿಯಂದಲ್ಲ, ಬೇರೆ ಕಾರ್ಖಾನೆಯದ್ದು. ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು, ವಿಡಿಯೊ ಕ್ಯಾಮೆರಾ. ಟೇಬಲ್ ಮೇಲೆ ಇಟ್ಟಿಗೆಯಷ್ಟು ದಪ್ಪದ ವರದಿ, ಪೂರಾ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇದ್ದದ್ದು ಸಾರಾಂಶ ಮಾತ್ರ. ಕಾಕಾ ಧೋತ್ರದ ಚುಂಗು ಸರಿ ಮಾಡಿಕೊಂಡು ಮೈಕಿನ ಮುಂದೆ ನಿಂತ. "ನಮ್ಮ ಬಾವಿ ನೀರು ಕೆಟ್ರ ಯಾರ ಬಾಗಿಲಿಗೆ ಹೋಗಬೇಕ್ರೀ?" ಅಂತ ಕೇಳಿದ. ವೇದಿಕೆ ಮೇಲಿದ್ದವರು, "ನಿಮ್ಮ ಅಭಿಪ್ರಾಯ ದಾಖಲು ಮಾಡಿಕೊಂಡಿದ್ದೇವೆ, ಮುಂದಿನವರು ಬನ್ನಿ" ಅಂದರು. ಕಾಕಾ ಅಲ್ಲಾಡಲಿಲ್ಲ. "ನಾ ಅಭಿಪ್ರಾಯ ಹೇಳಲಿಲ್ರೀ ಸಾಹೇಬ್ರ, ಪ್ರಶ್ನೆ ಕೇಳೀನಿ." ಹಿಂದೆ ಕೂತವರು ನಕ್ಕರು. ಮೈಕು ಮುಂದಿನವರ ಕೈಗೆ ಹೋಯಿತು.

ಇಂಥ ಸಭೆಗಳ ನಿಯಮ ಹೇಳುವ ನಮ್ಮ 2006ರ ಪರಿಸರ ಅಧಿಸೂಚನೆಯಲ್ಲೂ ಬಂದವರಿಗೆ ಪ್ರಶ್ನೆ ಕೇಳುವ ಅವಕಾಶ ಇದೆ. ಆದರೆ ಪ್ರಮಾಣ ಇಲ್ಲ, ಪಾಟಿ ಸವಾಲು ಇಲ್ಲ. ಇಷ್ಟೇ ಜನ ಬರಬೇಕು ಅಂತಲೂ ಇಲ್ಲ. ಉತ್ತರ ಹಾರಿಸಿದರೆ ಹಿಡಿದು ನಿಲ್ಲಿಸುವವರಿಲ್ಲ. ನ್ಯೂಕ್ಲಾದಲ್ಲಿ ಎದುರು ಪಕ್ಷದವರು ಕಾಕಾನಂಥ ಪ್ರಶ್ನೆ ಕೇಳಿದ್ದರೆ ಕಂಪನಿಯವರು ಪ್ರಮಾಣದ ಮೇಲೆ ಉತ್ತರ ಹೇಳಬೇಕಿತ್ತು, ಹೇಳಿದ್ದು ಮುಂದೆ ಕೋರ್ಟಿನಲ್ಲಿ ಅವರ ಕಾಲಿಗೇ ಸುತ್ತಿಕೊಳ್ಳಬಹುದಿತ್ತು. ನನಗೆ ಕಂಡ ವ್ಯತ್ಯಾಸ ಇದೊಂದೇ. ಈಗ ನಮ್ಮಲ್ಲಿ ಆ ಶಾಮಿಯಾನಕ್ಕೂ ಕುತ್ತು ಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಯುರೇನಿಯಂನಂಥ ಅಣು ಖನಿಜಗಳ ಗಣಿಗೆ ಸಾರ್ವಜನಿಕ ಆಲಿಕೆ ಬೇಕಿಲ್ಲ ಅಂದಿದೆ. ನಗುವ ಸಭೆಯಾದರೂ ಸಭೆ ಇತ್ತಲ್ಲ!

"ಕರೆಂಟ್ ಬೇಡವಾ? ಕೈಗಾ ಯಾವುದರಿಂದ ನಡೆಯುತ್ತದೆ?" ಅಂತ ಗೆಳೆಯನೊಬ್ಬ ಕೇಳಿದ. ಬೇಕು ಮಾರಾಯ. ನಾನು ಅಣು ವಿದ್ಯುತ್ತಿನ ವಿರೋಧಿ ಅಲ್ಲ. ಆದರೆ ಕರೆಂಟ್ ತಂತಿಯಲ್ಲಿ ಊರೂರಿಗೆ ಹೋಗುತ್ತದೆ, ಅರೆದು ಉಳಿದ ಪುಡಿ ಊರಲ್ಲೇ ಇರುತ್ತದೆ. ಅದಿರಿನ ವಿಕಿರಣದಲ್ಲಿ ಸುಮಾರು ಶೇ 85ರಷ್ಟು ಇರುವುದು ಆ ಪುಡಿಯಲ್ಲೇ. ಅದರಲ್ಲಿನ ರೇಡಿಯಂ ಅರ್ಧ ಆಗಲು 1,600 ವರ್ಷ ಬೇಕು. ಯೂಸುಫ್ ಸುಲ್ತಾನ ಗೋಗಿಯಲ್ಲಿ ಮಲಗಿ 500 ವರ್ಷ ಆಯಿತು ಅಷ್ಟೇ. ಆಂಧ್ರದ ತುಮ್ಮಲಪಲ್ಲೆಯಲ್ಲಿ ಇಂಥದ್ದೇ ಸುಣ್ಣಕಲ್ಲಿನ ಅದಿರು ಅರೆಯುವ ಮಿಲ್ಲು ಇದೆ. ಅಲ್ಲಿನ ರೈತರು ಬೋರಿನ ನೀರು ಕೆಟ್ಟಿತು, ಬಾಳೆ ಒಣಗಿತು ಅಂತ ವರ್ಷಗಳಿಂದ ಹೇಳುತ್ತಿದ್ದಾರೆ. ಗೋಗಿಯವರು ಅದನ್ನು ಕೇಳಿಲ್ಲವೇ?

ಕಾಕಾನ ಬೋರಿನ ನೀರನ್ನೂ ಯಾರೋ ಎರಡು ಸಲ ಬಂದು ಬಾಟಲಿಯಲ್ಲಿ ತುಂಬಿಕೊಂಡು ಹೋಗಿದ್ದಾರೆ. ಬಾಟಲಿ ಮೇಲೆ ಹೆಸರು, ಸರ್ವೆ ನಂಬರ್ ಎಲ್ಲ ಬರೆದುಕೊಂಡರಂತೆ. ಫಲಿತಾಂಶ ಮಾತ್ರ ಇವತ್ತಿನವರೆಗೂ ಬಂದಿಲ್ಲ. ಈಗ ಕುಡಿಯಲು ಫಿಲ್ಟರ್ ನೀರು ತರುತ್ತಾರೆ. ದನಕ್ಕೆ, ಹೊಲಕ್ಕೆ ಬೋರಿನದ್ದೇ.

ನನ್ನ ಪಾಯದ ಕಾಗದದ ವಿಷಯ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದರ ಫೋಟೋ ಕಳಸು. ನಮ್ಮ ಬೋರಿಗೂ ಇಂಥಾದ್ದೊಂದು ಕೊಡ್ರಿ ಅಂತ ಪಂಚಾಯ್ತಿಯೊಳಗ ಕೇಳ್ತೀನಿ. ಇಂಗ್ಲಿಷ್ ಬ್ಯಾಡ, ಕನ್ನಡದಾಗ ಬರದು ಕಳಸು."

ಭಾನುವಾರ ಕೂತು ಬರೆದೆ. ಒಂದೇ ಹಾಳೆ ಅಂತ ಸುಲಭ ಅಂದುಕೊಂಡಿದ್ದೆ. ಮಿಲ್ಲಿನಿಂದ ಹೊರಬೀಳುವ ಆ ಪುಡಿಗೆ ಏನನ್ನಬೇಕು ಅಂತ ತಿಳಿಯದೆ ಕಾಕಾನಿಗೇ ಫೋನ್ ಹಚ್ಚಿದೆ.

"ಮಿಲ್ಲಿನ ಹೊಟ್ಟು ಅಂತ ಬರಿ" ಅಂದ. ಮರುಕ್ಷಣವೇ, "ಬ್ಯಾಡ, ಬ್ಯಾಡ. ಹೊಟ್ಟು ಅಂದ್ರ ದನಕ್ಕ ಹಾಕ್ತಾರ. ಬ್ಯಾರೆ ನೋಡು" ಅಂದ.

ಇನ್ನೂ ನೋಡುತ್ತಿದ್ದೇನೆ.