ಅಮ್ಮನ ‘ಹೂಂ’ ಒಪ್ಪಿಗೆಯಲ್ಲ

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೀತಿದೀನಿ.

ಒಂಬತ್ತು ಗಂಟೆಗೆ ಅಮ್ಮನಿಗೊಂದು ಫೋನ್ ಬಂತು. ಒಲೆ ಮೇಲೆ ಸಾರು ಕುದೀತಿತ್ತು, ಸ್ಪೀಕರ್ ಹಾಕಿದಳು. ಸಕ್ಕರೆ ಕಾಯಿಲೆ ಬಗ್ಗೆ ಅಧ್ಯಯನವಂತೆ. ಆ ಕಡೆಯ ಹುಡುಗಿ ಒಂದೇ ಉಸಿರಿಗೆ ಓದುತ್ತಾ ಹೋದಳು: "ದತ್ತಾಂಶದ ಗೌಪ್ಯತೆ ಕಾಪಾಡಲಾಗುವುದು, ರಕ್ತದ ಮಾದರಿ ಸಂಗ್ರಹಿಸಲಾಗುವುದು, ಸ್ವಯಂಪ್ರೇರಿತರಾಗಿ ಭಾಗವಹಿಸಲು ಸಮ್ಮತಿಸುತ್ತೀರಾ..." ಅಮ್ಮ ಸಾಲುಸಾಲಿಗೂ "ಹೂಂ, ಹೂಂ ಕಣಮ್ಮ" ಅನ್ನುತ್ತಿದ್ದಳು. ನಾಲ್ಕೇ ನಿಮಿಷ. "ಥ್ಯಾಂಕ್ಯೂ ಮೇಡಂ, ನಿಮ್ಮ ಒಪ್ಪಿಗೆ ರೆಕಾರ್ಡ್ ಆಗಿದೆ."

ಫೋನಿಟ್ಟ ಮೇಲೆ ಅಮ್ಮ ನನ್ನ ಕೇಳಿದ್ದು: "ನನ್ನ ಮಾತ್ರೆ ಬದಲಾಯಿಸ್ತಾರಂತೇನೇ?"

ಫೋನಿನಲ್ಲಿ ‘ಹೂಂ’ ಅಂದರೆ ‘ಕೇಳಿಸ್ಕೊಳ್ತಿದೀನಿ, ಮುಂದೆ ಹೇಳು’ ಅಂತ. ಕಥೆಗೆ ಹೂಂಗುಟ್ಟುವುದಿಲ್ಲವೇ, ಹಾಗೆ. ಸುಮ್ಮನಿದ್ದರೆ ಆ ಕಡೆಯವರು ಲೈನ್ ಕಟ್ಟಾಯಿತು ಅಂದುಕೊಳ್ಳುತ್ತಾರೆ. ಇಷ್ಟು ಕನ್ನಡ ಬಲ್ಲ ಯಾರಿಗಾದರೂ ಗೊತ್ತು. ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಹೇಗೆ ಸರಿ? ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಸರಿದರೂ ಚಿಕಿತ್ಸೆಗೆ ತೊಂದರೆಯಾಗದು ಎಂದು ತಿಳಿಸಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೇ ಇದೆ. ಬೇಡ ಅಂದರೆ ಮುಂದಿನ ಸಲ ಡಾಕ್ಟರು ಮುಖ ಕೊಟ್ಟು ಮಾತಾಡಲ್ಲ ಅಂತ ಅಮ್ಮ ಹೆದರಿದ್ದಳು.

ಫೋನೇ ಬೇಡವೇ ಅಂತ ಕೇಳಬಹುದು. ಹಾಗೇನಿಲ್ಲ. 2020ರಲ್ಲಿ ಮನೆಯಿಂದ ಹೊರಗೇ ಬಾರದ ದಿನಗಳಲ್ಲಿ ಬೇರೆ ದಾರಿಯೇ ಇರಲಿಲ್ಲ. ಒಂದು ಸಹಿಗಾಗಿ ಹಳ್ಳಿಯವರು ದಿನದ ಕೂಲಿ ಬಿಟ್ಟು ಬಸ್ ಹತ್ತುವುದೂ ನ್ಯಾಯವಲ್ಲ. ಅಷ್ಟಕ್ಕೂ ಕಾಗದದ ಮೇಲಿನ ಸಹಿಯಾದರೂ ಏನು ಕಾಪಾಡಿತು? ಈಗಿನ ತೆಲಂಗಾಣದ ಖಮ್ಮಂನಲ್ಲಿ 2009ರಲ್ಲಿ ನಡೆದ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಯೋಜನೆಯಲ್ಲಿ ಎಷ್ಟೋ ಹುಡುಗಿಯರ ಫಾರ್ಮಿಗೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್ನೇ ಸಹಿ ಹಾಕಿದ್ದರು. ಸಂಸದೀಯ ಸಮಿತಿ ಅದನ್ನು ಖಂಡಿಸಿದ್ದು 2013ರಲ್ಲಿ. ಆದರೆ ಎದುರಿಗೆ ಕೂತರೆ ಮುಖವಾದರೂ ಕಾಣುತ್ತದೆ. ಫೋನಿನಲ್ಲಿ ಹೂಂ ಒಂದೇ ಕೇಳುತ್ತದೆ. ಅದಕ್ಕೇ "ನಾನು ಹೇಳಿದ್ದನ್ನ ನಿಮ್ಮ ಮಾತಲ್ಲಿ ಒಮ್ಮೆ ಹೇಳ್ತೀರಾ?" ಅಂತ ಕೇಳಲೇಬೇಕು. ಮಾಹಿತಿ ಪತ್ರ ಮೊದಲೇ ಕೈಸೇರಬೇಕು, ಮನೆಯವರ ಹತ್ತಿರ ಮಾತಾಡಲು ಒಂದು ದಿನ ಬಿಡಬೇಕು.

ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ನಾನೂ ಕೆಲವು ವರ್ಷ ಇದೇ ಕೆಲಸ ಮಾಡಿದವಳು. ದಿನಕ್ಕೆ ಇಷ್ಟು ಕರೆ ಮುಗಿಸಲೇಬೇಕಿತ್ತು. ಹೂಂ ಕೇಳಿದ ತಕ್ಷಣ ಟಿಕ್ ಹಾಕುತ್ತಿದ್ದೆ. ಆರು ತಿಂಗಳ ಮೇಲೆ ಒಬ್ಬ ಅಜ್ಜಿ ಫೋನ್ ಮಾಡಿ, "ನನ್ನ ರಕ್ತದ ರಿಪೋರ್ಟು ಯಾವಾಗ ಬರ್ತದವ್ವಾ?" ಅಂದರು. ಅದು ಅವರಿಗೆ ಬರುವ ರಿಪೋರ್ಟೇ ಆಗಿರಲಿಲ್ಲ. ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಮಧ್ಯಾಹ್ನ ಅಮ್ಮನನ್ನು ಕೂರಿಸಿಕೊಂಡು ನಮ್ಮ ಮಾತಲ್ಲೇ ಎಲ್ಲ ಹೇಳಿದೆ. ಎಂಟು ಪ್ರಶ್ನೆ ಕೇಳಿದಳು. ಸ್ವಲ್ಪ ಹೊತ್ತು ಯೋಚಿಸಿ ಅಂದಳು: "ಏನ್ ಬೇಕಾದ್ರೂ ಕೇಳ್ಲಿ, ಹೇಳ್ತೀನಿ. ರಕ್ತ ಮಾತ್ರ ಕೊಡಲ್ಲ. ಆ ಹುಡುಗಿಗೆ ಫೋನ್ ಹಚ್ಚು."