ಹಿರಿಯ ಸಾಹಿತಿಯ ಚೊಚ್ಚಲ ಕಡತ

ರಾಜ್ಯ ಸರ್ಕಾರದ ನೌಕರಿ 60ಕ್ಕೆ ಮುಗಿಯುತ್ತದೆ. ಬೀಳ್ಕೊಡುಗೆಯ ಶಾಲು ಬೀರು ಸೇರಿದ ಮಾರನೇ ಬೆಳಿಗ್ಗೆ ಸಾಹೇಬರೊಳಗಿನ ಕಾದಂಬರಿಕಾರ ಕರ್ತವ್ಯಕ್ಕೆ ಹಾಜರಾಗುತ್ತಾನೆ. ಬಹಳ ಸಂತೋಷ. ಆದರೆ ಆತ ಕೈಗೆತ್ತಿಕೊಳ್ಳುವ ಮೊದಲ ಕೆಲಸ ಬರೆಯುವುದಲ್ಲ, ಸಭಾಂಗಣ ಗೊತ್ತುಮಾಡುವುದು. ಬೆಂಗಳೂರಿನ ಜೆ.ಸಿ. ರಸ್ತೆಯ ನಯನ ಸಭಾಂಗಣ ಭಾನುವಾರ ಬೆಳಿಗ್ಗೆಗೇ ಸಿಗಬೇಕಲ್ಲ! ಕಾದಂಬರಿಯದೇನು, ಯಾವ ವಾರವಾದರೂ ಸಿಗುತ್ತದೆ.

ಬಿಡುಗಡೆಯ ದಿನ ಗೊತ್ತಾದ ಮೇಲೆ ಲೆಕ್ಕ ಹಿಂದಕ್ಕೆ ಓಡುತ್ತದೆ. ಅಚ್ಚಿಗೆ ಹದಿನೈದು ದಿನ, ಮುಖಪುಟಕ್ಕೆ ಒಂದು ವಾರ, ಮುನ್ನುಡಿಕಾರರ ಬೆನ್ನು ಹತ್ತಲು ಒಂದೂವರೆ ತಿಂಗಳು. ಬರೆಯಲು ಉಳಿದದ್ದು ನಲವತ್ತು ದಿನ. ದಿನಕ್ಕೆ 200 ಪದ, ಅಂದರೆ ಡೆಮಿ 1/8 ಎಂಬ ಮಾಮೂಲಿ ಕಾದಂಬರಿ ಅಳತೆಯ ಹೆಚ್ಚುಕಡಿಮೆ ಒಂದು ಪುಟ ಬರೆದರೂ 170 ಪುಟಕ್ಕೆ ಆರು ತಿಂಗಳು ಬೇಕು, ತಿದ್ದಲು ಇನ್ನಾರು. ತಿದ್ದುವುದೇ? ಮೂವತ್ತೈದು ವರ್ಷ ಕೆಳಗಿನವರ ಕರಡನ್ನು ಸಾಹೇಬರು ತಿದ್ದಿದ್ದಾರೆ. ಸಾಹೇಬರ ಕರಡನ್ನು ತಿದ್ದಬಲ್ಲವರೆಲ್ಲ ಎಂದೋ ವರ್ಗವಾಗಿ ಹೋದರು.

ಈ ವಯಸ್ಸಿನಲ್ಲಿ ಕಾದಂಬರಿಯೇ ಎಂದು ಕೇಳಿದರೆ ಪೂರ್ವನಿದರ್ಶನ ಸಿದ್ಧವಿದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ, ಅವರು 65ರ ಆಸುಪಾಸಿನಲ್ಲಿದ್ದಾಗ, ಅದೂ ಸರ್ಕಾರಿ ನೌಕರಿ ಬಿಟ್ಟ ಮೇಲೆ. ನಿಜ. ಅವರ ಮೊದಲ ಕಥಾಸಂಕಲನ 1920ರಲ್ಲೇ ಬಂದಿತ್ತು ಎಂಬ ಹಾಳೆಯನ್ನು ಮಾತ್ರ ಕಡತದಿಂದ ಯಾರೋ ಕಳಚಿದ್ದಾರೆ.

ಇನ್ನು ಭಾಷೆ. ‘ಸದರಿ ನಾಯಕಿಯು ದಿನಾಂಕ 14ರ ಅಪರಾಹ್ನ ನಾಯಕನನ್ನು ಖುದ್ದು ಭೇಟಿಯಾಗಿ, ತನ್ನ ಪ್ರೀತಿಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವಂತೆ ಕೋರಿದಳು’ ಎಂಬ ವಾಕ್ಯ ಬಂತೆಂದರೆ ಬೈಯಬಾರದು. ಅದು ವೃತ್ತಿಯ ಗಾಯ. ಯಾರು ಮಾಡಿದರೆಂದು ಗೊತ್ತಾಗದಂತೆ ನೋಡಿಕೊಳ್ಳುವುದೇ ಕಡತದ ಭಾಷೆಯ ಹೆಚ್ಚುಗಾರಿಕೆ: ‘ಆದೇಶಿಸಲಾಗಿದೆ’, ‘ಗಮನಿಸಲಾಗಿದೆ’. ಕಥೆಗೋ, ಯಾರು, ಯಾರಿಗೆ, ಯಾಕೆ ಮಾಡಿದರು ಅನ್ನುವುದೇ ಬೇಕು. ಮೊದಲ ಕರಡಿನಲ್ಲಿ ‘ಲಾಗಿದೆ’ ಇರುವ ಕಡೆಯೆಲ್ಲ ಕೆಂಪು ಗೆರೆ ಎಳೆದು, ಅಲ್ಲಿಗೊಬ್ಬ ಮನುಷ್ಯನನ್ನು ತಂದು ಕೂರಿಸಿದರೆ ಅರ್ಧ ರೋಗ ವಾಸಿ. ಉಳಿದರ್ಧ ಕಥಾನಾಯಕನದು. ಆತ ಪ್ರಾಮಾಣಿಕ ಅಧಿಕಾರಿ. ಆ ಕಾರಣಕ್ಕೇ ಮೂರು ಸಲ ವರ್ಗವಾದವನು. ಹೆಂಡತಿಗೆ ಇಡೀ ಪುಸ್ತಕದಲ್ಲಿ ಒಂದೇ ಮಾತು: ‘ಕಾಫಿ ತರಲೇನ್ರೀ?’ ಪಹಣಿಯ 9ನೇ ಕಾಲಂನಲ್ಲಿದ್ದ ಜಮೀನು ಮಾಲೀಕನ ಹೆಸರು ಒಂದು ಮಧ್ಯಾಹ್ನದೊಳಗೆ ಹೇಗೆ ಬದಲಾಗುತ್ತದೆ, ರೆಕಾರ್ಡ್ ರೂಮಿನ ಬೀಗದ ಕೈ ನಿಜವಾಗಿ ಯಾರ ಬಳಿ ಇರುತ್ತದೆ ಎಂಬುದು ನಾಡಿನಲ್ಲಿ ಸಾಹೇಬರಷ್ಟು ಇನ್ನಾರಿಗೂ ಗೊತ್ತಿಲ್ಲ. ಅದೊಂದನ್ನು ಬಿಟ್ಟು ಹಿಮಾಲಯ, ಸೂರ್ಯೋದಯ, ಜೀವನದ ಅರ್ಥ ಎಲ್ಲವೂ ಪುಸ್ತಕದಲ್ಲಿವೆ.

ಆ ಸೂರ್ಯನಿಗೂ ಸುಖವಿಲ್ಲ. ಸಾಹೇಬರು ಕಚೇರಿಯಲ್ಲಿ ಕಲಿತ ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಟೈಪಿಸಿರುತ್ತಾರೆ. ಅದರಲ್ಲಿ ಅರ್ಕಾವತ್ತು, ಅಂದರೆ ‘ರ್’ನ ಗುರುತು, ಅಕ್ಷರದ ನಂತರ ಕೂರುತ್ತದೆ. ಈಗ ಎಲ್ಲೆಡೆ ಬಳಸುವ ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಿಸುವ ತಂತ್ರಾಂಶ ಎಡವಿದರೆ ‘ಸೂರ್ಯ’ ‘ಸೂಯರ್’ ಆಗುತ್ತಾನೆ, ‘ಧರ್ಮ’ ‘ಧಮರ್’. ಇದನ್ನು ಕಣ್ಣಿಟ್ಟು ಓದಿಯೇ ಹಿಡಿಯಬೇಕು. ಓದುವ ದಿನಗಳನ್ನು ಆಗಲೇ ಆಮಂತ್ರಣ ಪತ್ರಿಕೆಗೆ ಮಂಜೂರು ಮಾಡಿಯಾಗಿದೆ.

ಡೆಮಿ 1/8ರಲ್ಲಿ ಒಂದು ಫಾರಂಗೆ, ಅಂದರೆ ಮಡಚಿದ ಅಚ್ಚಿನ ಒಂದು ದೊಡ್ಡ ಹಾಳೆಗೆ, 16 ಪುಟ. 170 ಪುಟದ ಕಾದಂಬರಿ 11 ಫಾರಂನಲ್ಲಿ ಮುಗಿದು 6 ಪುಟ ಮಿಗುತ್ತದೆ. ಆದರೆ ಮುನ್ನುಡಿ, ಶುಭನುಡಿ, ಆಶಯನುಡಿ, ಪ್ರಕಾಶಕರ ನುಡಿ, ಲೇಖಕರ ಅರಿಕೆ ಸೇರಿ 22 ಪುಟ! ಒಟ್ಟು 192, ಸರಿಯಾಗಿ 12 ಫಾರಂ. ಮುದ್ರಕನಿಗೆ ಇದಕ್ಕಿಂತ ಸುಂದರ ಕೃತಿ ಇನ್ನೊಂದಿಲ್ಲ. ಪುಸ್ತಕದ ಗುರುತಿನ ಸಂಖ್ಯೆಯಾದ 13 ಅಂಕಿಯ ಐಎಸ್‌ಬಿಎನ್ ಅನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿಯೇ ಕೊಡುತ್ತದೆ. ದುಡ್ಡು ಪಡೆದು ಪುಸ್ತಕ ತರುವ ಕೆಲವರ ‘ಪ್ಯಾಕೇಜ್’ನಲ್ಲಿ ಅದಕ್ಕೂ ದರವಿದೆ. ನಿವೃತ್ತಿಯ ಗ್ರಾಚ್ಯುಟಿ ಎಲ್ಲಿಗೆ ಬಂದು ಬಿದ್ದಿದೆ ಎಂಬುದು ಅಂಥವರಿಗೆ ಬೇಗ ತಿಳಿಯುತ್ತದೆ.

ಸಾಹೇಬರನ್ನೇ ದೂರಿ ಫಲವೂ ಇಲ್ಲ. ಹೊಸ ಬರಹಗಾರನೆಂದರೆ 35ರೊಳಗಿನವನು ಎಂದು ಸಾಹಿತ್ಯದ ಕಚೇರಿಗಳೇ ಷರಾ ಬರೆದಿವೆ. ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ ಕೊಡುತ್ತಿರುವ ಯುವ ಪುರಸ್ಕಾರಕ್ಕೆ ಮಿತಿ 35. ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಪ್ರೋತ್ಸಾಹಧನವೂ ಯುವ ಬರಹಗಾರರಿಗೇ. 61ರಲ್ಲಿ ಮೊದಲ ಪುಸ್ತಕ ಬರೆದವರನ್ನು ಏನೆಂದು ಕರೆಯುವುದು? ಆಮಂತ್ರಣ ಪತ್ರಿಕೆ ದಾರಿ ಹುಡುಕಿಕೊಂಡಿದೆ: ‘ಹಿರಿಯ ಸಾಹಿತಿ’. ಪುಸ್ತಕ ಇನ್ನೂ ಬೈಂಡಿಂಗ್‌ನಲ್ಲಿದೆ.

ಭಾನುವಾರ ಬಂತು. ಉಪ್ಪಿಟ್ಟು, ಕೇಸರಿಬಾತು. ವೇದಿಕೆಯ ಮೇಲೆ ಒಂಬತ್ತು ಕುರ್ಚಿ. ‘ಕೃತಿ ನಿನ್ನೆ ರಾತ್ರಿಯಷ್ಟೇ ಕೈ ಸೇರಿತು’ ಎಂದು ಮುಖ್ಯ ಅತಿಥಿಗಳು ನಲವತ್ತು ನಿಮಿಷ ಮಾತಾಡುತ್ತಾರೆ. ಅವರದು ಸುಳ್ಳಲ್ಲ. ಕ್ಯಾಮೆರಾಕ್ಕೆಂದು ಪುಸ್ತಕವನ್ನು ಅಗಲಿಸಿ ಹಿಡಿದಾಗ ಅವಸರದ ಅಂಟು ಬಿಟ್ಟು ಎರಡು ಹಾಳೆ ಉದುರುವುದೇ ಸಾಕ್ಷಿ.

ಉಳಿದ ಪ್ರತಿಗಳಿಗೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೇ ಗತಿ. ಅರ್ಜಿ ಹಾಕಿ ಬಂದ ಸಾಹೇಬರು ಜೀವನದಲ್ಲಿ ಮೊದಲ ಸಲ ಕೌಂಟರಿನ ಈಚೆ ನಿಲ್ಲುತ್ತಾರೆ. ‘ಪರಿಶೀಲನೆಯಲ್ಲಿದೆ, ಮುಂದಿನ ತಿಂಗಳು ಬನ್ನಿ’ ಎಂಬ ಉತ್ತರ ಬರುತ್ತದೆ. ಈ ವಾಕ್ಯದಲ್ಲಿ ಮಾತ್ರ ಅವರಿಗೆ ತಿದ್ದಲು ಏನೂ ಸಿಗುವುದಿಲ್ಲ.