ಸಂಬಳ ಎಷ್ಟು ಅಂತ ಕೇಳಿದರೆ ತಪ್ಪೇನು?

ಊರಿಗೆ ಹೋದಾಗ ಪಕ್ಕದ ಮನೆಯವರ ಮೊದಲ ಪ್ರಶ್ನೆ ಯಾವಾಗ ಬಂದೆ, ಎರಡನೆಯದು ಯಾವಾಗ ಹೊರಡ್ತೀಯ, ಮೂರನೆಯದು ಸಂಬಳ ಎಷ್ಟು. ಮೂರನೆಯದಕ್ಕೆ ಹೊರದೇಶದಲ್ಲಿರುವ ನಾವು ಮುಖ ಸಿಂಡರಿಸುತ್ತೇವೆ. ಆದರೆ ಬಿಳಿಯರಲ್ಲದ ನಮ್ಮಂಥವರಿಗೆ ಅಮೆರಿಕದ ಆಫೀಸಿನಲ್ಲಿ ಅದಕ್ಕಿಂತ ಉಪಯೋಗದ ಪ್ರಶ್ನೆ ಇನ್ನೊಂದಿಲ್ಲ.

ನಾವು ಬರುವಾಗ ಕಟ್ಟಿಕೊಂಡು ಬಂದ ಬುದ್ಧಿಮಾತು ಬೇರೆ. "ತಲೆ ತಗ್ಗಿಸಿಕೊಂಡು ಕೆಲಸ ಮಾಡು, ಮೇಲಿನವರು ನೋಡೇ ನೋಡ್ತಾರೆ." ಅಪ್ಪ ಸರ್ಕಾರಿ ಹೈಸ್ಕೂಲಿನ ಮೇಷ್ಟ್ರು. ಅವರ ಮಟ್ಟಿಗೆ ಆ ಮಾತು ಸರಿಯಾಗಿಯೇ ಇತ್ತು. ಮೇಷ್ಟ್ರ ವೇತನ ಶ್ರೇಣಿ ಊರಿಗೆಲ್ಲ ಗೊತ್ತು. ವರ್ಷಕ್ಕೊಂದು ಇನ್‌ಕ್ರಿಮೆಂಟ್, ಮೇಲೆ ಡಿಎ. ಬಡ್ತಿಗೆ ಜ್ಯೇಷ್ಠತಾ ಪಟ್ಟಿ. ಹೆಸರು ಕೆಳಗಿಳಿದಿದ್ದರೆ ಆಕ್ಷೇಪಣೆ ಬರೆದು ಕೊಡಬಹುದು. ನೇಮಕಾತಿಯಲ್ಲಿ ಯಾವ ಸಮುದಾಯಕ್ಕೆಷ್ಟು ಪಾಲು ಅನ್ನೋದನ್ನು ನೋಡಲು ಮೈಸೂರು ಸಂಸ್ಥಾನ 1918ರಲ್ಲೇ ಮಿಲ್ಲರ್ ಸಮಿತಿ ಕೂರಿಸಿತ್ತು. ವಶೀಲಿ ಇರಲಿಲ್ಲ ಅಂತಲ್ಲ, ವರ್ಗಾವಣೆ ಕಾಲದಲ್ಲಿ ಅದರ ಚೆಂದ ನೋಡಬೇಕಿತ್ತು! ಆದರೆ ಪಕ್ಕದ ಕುರ್ಚಿಯವರ ಸಂಬಳ ಗುಟ್ಟಾಗಿರಲಿಲ್ಲ.

ಇಲ್ಲಿನ ಖಾಸಗಿ ಕಂಪನಿಯಲ್ಲಿ ಒಂದೇ ಕೆಲಸ, ಒಂದೇ ಲೆವೆಲ್, ಸಂಬಳ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಸೇರುವಾಗ ಚೌಕಾಸಿ ಮಾಡಿದವರು ಮೇಲೆ, ಕೊಟ್ಟಷ್ಟಕ್ಕೆ ಸೈ ಅಂದವರು ಕೆಳಗೆ. ಆಮೇಲಿನ ಏರಿಕೆಯೆಲ್ಲ ಆ ಮೊದಲ ಸಂಬಳದ ಮೇಲೆ ಶೇಕಡಾ ಲೆಕ್ಕ. ತಲೆ ತಗ್ಗಿಸಿ ಕೂತಷ್ಟು ವರ್ಷವೂ ಅಂತರ ಬೆಳೆಯುತ್ತಲೇ ಹೋಗುತ್ತೆ.

ನಾನು ಹಿಂದೆ ಇದ್ದ ಕಡೆ ಊಟದ ಟೇಬಲ್ಲಿನಲ್ಲಿ ಒಂದು ದಿನ ಅಟ್ಲಾಂಟಾ ಕಡೆಯ ಕಪ್ಪು ಸಹೋದ್ಯೋಗಿಯೊಬ್ಬರು ಸಲಾಡ್ ಕಲಸುತ್ತಾ ತಮ್ಮ ಸಂಬಳ, ಬೋನಸ್, ಸ್ಟಾಕ್ (ಕಂಪನಿ ಕೊಡುವ ಷೇರು) ಮೂರನ್ನೂ ಹೇಳಿ, "ನಿಮ್ಮದು?" ಅಂದರು. ನಮ್ಮವರೆಲ್ಲ ಗಪ್‌ಚುಪ್. ಒಬ್ಬರು ಕಾಸ್ಟ್‌ಕೋ ಪೆಟ್ರೋಲ್ ರೇಟು ಶುರು ಮಾಡಿದರು. ನಾನು ನನ್ನದನ್ನು ಹೇಳಿದೆ. ಬೆಂಗಳೂರು ಆಫೀಸಿನಿಂದ ವರ್ಗವಾಗಿ ಬಂದಿದ್ದ ದಾವಣಗೆರೆ ಹುಡುಗ ಅಲ್ಲಿ ಬಾಯಿ ಬಿಡಲಿಲ್ಲ. ಸಂಜೆ ಪಾರ್ಕಿಂಗ್ ಹತ್ತಿರ ಬಂದು, "ಸಾರ್, ಅವರ ಲೆವೆಲ್ಲೇ ನಂದು, ಆದ್ರೆ ನಂಗೆ ತುಂಬಾ ಕಮ್ಮಿ ಇದೆ" ಅಂದ. ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಹಾಕಲು ಹೇಳಿದೆ: ನನ್ನ ಹುದ್ದೆಯ ವೇತನ ಶ್ರೇಣಿ ತಿಳಿಸಿ. ಉತ್ತರ ಬಂತು. ಅವನು ಶ್ರೇಣಿಯ ತೀರಾ ಕೆಳತುದಿಯಲ್ಲಿದ್ದ. ಮುಂದಿನ ರಿವ್ಯೂನಲ್ಲಿ ಸ್ವಲ್ಪ ಸರಿಹೋಯಿತು, ಪೂರ್ತಿ ಅಲ್ಲ.

ಹಾಗೆ ಕೇಳುವ ಹಕ್ಕನ್ನು ಕ್ಯಾಲಿಫೋರ್ನಿಯಾದ ಕಾನೂನೇ ಕೊಟ್ಟಿದೆ. 2018ರಿಂದ ಇಲ್ಲಿ ಹಿಂದಿನ ಸಂಬಳ ಎಷ್ಟಿತ್ತು ಅಂತ ಕಂಪನಿ ಕೇಳುವಂತಿಲ್ಲ. 2023ರಿಂದ 15 ಅಥವಾ ಹೆಚ್ಚು ನೌಕರರಿರುವ ಕಂಪನಿ ಕೆಲಸದ ಜಾಹೀರಾತಿನಲ್ಲೇ ಶ್ರೇಣಿ ಹಾಕಬೇಕು. ಇನ್ನು ಸಂಬಳದ ಮಾತು ಆಡಬಾರದು ಅನ್ನುವ ಮ್ಯಾನೇಜರ್‌ಗೆ ಇಡೀ ಅಮೆರಿಕಕ್ಕೆ ಅನ್ವಯಿಸುವ 1935ರ ಕಾರ್ಮಿಕ ಕಾನೂನೇ ಅಡ್ಡ ಬರುತ್ತೆ. ಸೂಪರ್‌ವೈಸರ್‌ಗಳಿಗೆ ಅದರ ರಕ್ಷಣೆ ಇಲ್ಲ, ಉಳಿದ ಬಹುಪಾಲು ಖಾಸಗಿ ನೌಕರರಿಗೆ ಇದೆ.

ಗುಟ್ಟಿನ ಬೆಲೆ ಏನು ಅನ್ನೋದಕ್ಕೆ ಅಲಬಾಮಾದ ಲಿಲಿ ಲೆಡ್‌ಬೆಟರ್ ಕೇಸ್ ನೋಡಿ. ಅವರು ಬಿಳಿಯರೇ. ಆದರೂ ಟೈರ್ ಫ್ಯಾಕ್ಟರಿಯಲ್ಲಿ ಅದೇ ಕೆಲಸದ ಗಂಡಸರಿಗಿಂತ ಕಡಿಮೆ ಸಂಬಳ. ವರ್ಷಗಟ್ಟಲೆ ದುಡಿದ ಮೇಲೆ ಯಾರೋ ಹೆಸರಿಲ್ಲದ ಚೀಟಿ ಇಟ್ಟಾಗಲೇ ಅವರಿಗೆ ಗೊತ್ತಾಗಿದ್ದು. 2007ರಲ್ಲಿ ಸುಪ್ರೀಂ ಕೋರ್ಟ್, ದೂರು ಕೊಟ್ಟಿದ್ದು ತಡವಾಯಿತು ಅಂದುಬಿಟ್ಟಿತು. ಗೊತ್ತೇ ಇಲ್ಲದ್ದಕ್ಕೆ ಗಡುವು! 2009ರಲ್ಲಿ ಅವರ ಹೆಸರಿನಲ್ಲೇ ಕಾನೂನು ಬಂದು ಅದು ಸರಿಯಾಯಿತು.

ಈ ಹಕ್ಕುಗಳಲ್ಲಿ ಬಹಳಷ್ಟನ್ನು ಹೋರಾಡಿ ತಂದವರು ನಾವಲ್ಲ. ಬಣ್ಣ, ಮೂಲ ದೇಶ ನೋಡಿ ಕೆಲಸದಲ್ಲಿ ತಾರತಮ್ಯ ಮಾಡಬಾರದು ಎಂಬ 1964ರ ಕಾನೂನು ಕಪ್ಪು ಜನರ ಹೋರಾಟದ ಫಲ. ಭಾರತದಿಂದ ವರ್ಷಕ್ಕೆ ಬರೀ 100 ಜನ ಎಂಬ ಕೋಟಾ ಹೋಗಿದ್ದೂ ಅದೇ ಗಾಳಿಯಲ್ಲಿ, 1965ರ ವಲಸೆ ಕಾನೂನಿನಿಂದ. ಆದರೂ ಕನ್ನಡ ಕೂಟದ ಹರಟೆಯಲ್ಲಿ "ಅವರು ಓದಲ್ಲ, ನಾವು ಓದಿ ಮೇಲೆ ಬಂದ್ವಿ" ಅನ್ನೋರಿಗೆ ಕಡಿಮೆ ಇಲ್ಲ. ಬಾಸ್ಟನ್, ಷಿಕಾಗೋದಲ್ಲಿ ಒಂದೇ ಥರದ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿ ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಎಮಿಲಿ, ಗ್ರೆಗ್ ಥರದ ಬಿಳಿಯರ ಹೆಸರಿಗೆ ಸುಮಾರು 10 ಅರ್ಜಿಗೊಂದು ಕರೆ. ಲಕೀಷಾ, ಜಮಾಲ್ ಥರದ ಕಪ್ಪು ಜನರ ಹೆಸರಿಗೆ 15ಕ್ಕೊಂದು. ಓದು ಒಂದೇ ಇತ್ತು.

ನಮ್ಮ ಮನೆಯ ತೂತೂ ಇದೆ. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ದೊಡ್ಡ ಟೆಕ್ ಕಂಪನಿಯೊಂದರ ಮೇಲೆ ಜಾತಿ ತಾರತಮ್ಯದ ಕೇಸ್ ಹಾಕಿತು. ಆರೋಪ ಭಾರತೀಯ ಮೇಲಧಿಕಾರಿಗಳ ನಡವಳಿಕೆಯ ಬಗ್ಗೆ. ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯದ ವಿರುದ್ಧ ಕಾನೂನು ಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಅಂಥದೇ ಮಸೂದೆಯನ್ನು ಗವರ್ನರ್ ತಿರಸ್ಕರಿಸಿದರು. ಅಂದು ನಮ್ಮಲ್ಲಿ ಸಿಹಿ ಹಂಚಿದಂತೆ ಖುಷಿಪಟ್ಟವರೇ ಸೋಮವಾರ ಆಫೀಸಿನಲ್ಲಿ ತಮ್ಮ ಉಚ್ಚಾರಣೆ ಆಡಿಕೊಂಡರು ಅಂತ ದೂರುತ್ತಾರೆ.

ಎಚ್-1ಬಿ, ಅಂದರೆ ಕಂಪನಿ ಕೊಡಿಸುವ ಕೆಲಸದ ವೀಸಾದಲ್ಲಿರುವವರು ಸುಮ್ನೆ ಇರೋದಕ್ಕೆ ಕಾರಣ ಇದೆ. ಕೆಲಸ ಹೋದರೆ ಹೊಸದು ಹುಡುಕಲು ಹೆಚ್ಚೆಂದರೆ 60 ದಿನ. ತಾರತಮ್ಯದ ಕಾನೂನು ಅವರಿಗೂ ಅನ್ವಯಿಸುತ್ತೆ ಅಂದರೆ ಅವರ ಭಯ ಹೋಗಲ್ಲ. ಆದ್ದರಿಂದ ಟೇಬಲ್ಲಿನಲ್ಲಿ ಮೊದಲು ಬಾಯಿ ಬಿಡಬೇಕಾದವರು ಗ್ರೀನ್ ಕಾರ್ಡ್, ಸಿಟಿಜನ್‌ಶಿಪ್ ಸಿಕ್ಕ ನಾವು. ಬರೀ ಸಂಬಳ ಹೇಳಿದರೆ ಸಾಲದು. ಲೆವೆಲ್, ಸ್ಟಾಕ್, ಸೇರುವಾಗ ಕೊಟ್ಟ ಬೋನಸ್, ಎಲ್ಲ ಹೇಳಿ. ಅಂತರ ಅಡಗಿರೋದು ಜಾಸ್ತಿ ಅವುಗಳಲ್ಲೇ.